ಒಲಿಬಂದ್ ಹೇಳುವ ಶಿವಗಂಗಾಬಾಯಿ

ಯೆಣೆಗೂರದಲ್ಲಿ ಮದುವೆಯ ಕಾರ್ಡು ಬಂತೆಂದು ಯಾರೂ ಊಟಕ್ಕೆ ಹೋಗುವುದಿಲ್ಲ. ಕಾರ್ಡನ್ನು ಗೋಡೆಯ ಮೊಳೆಗೆ ಸಿಕ್ಕಿಸುತ್ತಾರೆ. ಫೋನಿನಲ್ಲಿ ಬಂದ ಆಮಂತ್ರಣಕ್ಕೆ ಕೈ ಮುಗಿದ ಚಿತ್ರವೊಂದನ್ನು ಕಳಿಸಿ ಸುಮ್ಮನಾಗುತ್ತಾರೆ. ಶಿವಗಂಗಾಬಾಯಿ ಬಂದು ಹೇಳುವವರೆಗೆ ಆ ಮದುವೆ ಅವರ ಪಾಲಿಗೆ ಬರೀ ಸುದ್ದಿ.

ಮದುವೆಯ ಹಿಂದಿನ ದಿನ ಬಿಸಿಲು ಇಳಿಯುವ ಹೊತ್ತಿಗೆ ಹಣೆತುಂಬ ವಿಭೂತಿ ಧರಿಸಿ, ಅಕ್ಷತೆಯ ಹಿತ್ತಾಳೆ ತಟ್ಟೆ ಹಿಡಿದು ಅವಳು ಹೊರಡುತ್ತಾಳೆ. ಬಾಗಿಲಲ್ಲಿ ನಿಂತು ಕೂಗುವ ಪದ್ಧತಿ ಇಲ್ಲ. ಸೀದಾ ಅಡುಗೆಮನೆಗೆ ನಡೆದು, ಒಲೆಯ ಮೇಲೆ ನಾಲ್ಕು ಕಾಳು ಅಕ್ಷತೆ ಇಟ್ಟು, ಯಾರ ಮನೆಯ ಮದುವೆಯೋ ಅವರ ಹೆಸರು ಹೇಳಿ, "ನಾಳಿ ನಿಮ್ಮ ಒಲಿ ಬಂದ್ ರೀ. ಸಣ್ಣಾವರು ದೊಡ್ಡಾವರು ಎಲ್ಲಾರೂ ಬರ್ರಿ," ಅನ್ನುತ್ತಾಳೆ. ಮನೆಯವರು "ಬರ್ತೀವ್ರೀ" ಅನ್ನಬೇಕು. ಅಲ್ಲಿಗೆ ಮುಗಿಯಿತು. ಈಗ ಮನೆಮನೆಗೂ ಗ್ಯಾಸು ಬಂದಿದೆ, ಅಕ್ಷತೆ ಬೀಳುವುದು ಬರ್ನರಿನ ಪಕ್ಕದ ಸ್ಟೀಲಿನ ಮೇಲೆ. ಮಾತು ಮಾತ್ರ ಹಳೆಯದೇ.

ಇದಕ್ಕೆ ಒಲಿಬಂದ್ ಎಂದು ಹೆಸರು. ಮನೆಗೊಬ್ಬರು ಬನ್ನಿ ಎನ್ನುವ ಕರೆ ಬೇರೆ, ಗಂಡಸರಷ್ಟೇ ಬನ್ನಿ ಎನ್ನುವುದು ಬೇರೆ. ಒಲಿಬಂದ್ ಎಂದರೆ ಇಡೀ ಮನೆಗೆ ಕರೆ, ಮುಂಜಾನೆಯಿಂದ ಒಲೆ ಹಚ್ಚುವಂತಿಲ್ಲ. ಅಕ್ಷತೆ ತೆಗೆದುಕೊಂಡ ಮೇಲೆ ಮನೆಯಲ್ಲಿ ರೊಟ್ಟಿ ಬಡಿದರೆ ಮದುವೆಯವರಿಗೆ ಅವಮಾನ. ಅಕ್ಷತೆ ಕಳಿಸಿದವರು ಬಂದವರನ್ನು ಹಸಿದ ಹೊಟ್ಟೆಯಲ್ಲಿ ತಿರುಗಿ ಕಳಿಸಿದರೆ ಅವರ ಮನೆತನದ ಹೆಸರು ಮತ್ತೆ ಏಳುವುದಿಲ್ಲ. ಹೀಗೆ ಎರಡೂ ಕಡೆಯವರನ್ನು ಕಟ್ಟಿಹಾಕುವ ಮಾತನ್ನು ಈ ಊರು ಸುಮ್ಮನೆ ಯಾರ ಬಾಯಿಗೂ ಕೊಡುವುದಿಲ್ಲ.

ಶಿವಗಂಗಾಬಾಯಿಗೆ ಅದು ಅತ್ತೆಯಿಂದ ಬಂದ ಕೆಲಸ. ಈ ಕಥೆ ನಡೆಯುವ ಹೊತ್ತಿಗೆ ಮೂವತ್ತೊಂದು ವರ್ಷದಿಂದ ಹೇಳುತ್ತಿದ್ದಳು. ಗಂಡ ತೀರಿ ಬಹಳ ದಿನವಾಯಿತು, ಮಗಳು ಮನಿಷಾ ನಿಲಂಗಾದಲ್ಲಿ ಸಂಸಾರ ಮಾಡಿಕೊಂಡಿದ್ದಾಳೆ. ಎರಡು ಎಕರೆ ಹೊಲ, ಒಂದು ಎಮ್ಮೆ, ಮದುವೆಮನೆಯಿಂದ ಬರುವ ಸೇರು ಜೋಳ ಮತ್ತು ಕುಪ್ಪಸದ ಖಣ, ಇಷ್ಟರಲ್ಲಿ ಒಬ್ಬಳ ಹೊಟ್ಟೆಗೆ ಕಡಿಮೆಯೇನಿಲ್ಲ. ಮಾತು ಜಾಸ್ತಿ, ಸಿಟ್ಟು ಅದಕ್ಕಿಂತ ಜಾಸ್ತಿ. ಆದರೆ ಅವಳು ಹೇಳಿದ ಮನೆಯವರು ಉಣ್ಣದೆ ಬಂದರೆಂಬ ಮಾತು ಈ ಮೂವತ್ತೊಂದು ವರ್ಷದಲ್ಲಿ ಒಮ್ಮೆಯೂ ಬಂದಿರಲಿಲ್ಲ. ಅವಳ ಆಸ್ತಿ ಎಂದರೆ ಅದೇ. ಅದನ್ನು ಅವಳು ಎರಡು ಎಕರೆ ಹೊಲಕ್ಕಿಂತ ಹೆಚ್ಚು ಜೋಪಾನ ಮಾಡಿದ್ದಳು.

ಒಂದು ವಿಚಿತ್ರವೆಂದರೆ ಅವಳಿಗೆ ಯಾರೂ ಒಲಿಬಂದ್ ಹೇಳುವುದಿಲ್ಲ. ಕರೆಯುವವಳನ್ನು ಕರೆಯುವವರಾರು? ಊರೆಲ್ಲ ತಿರುಗಿ ಮನೆಗೆ ಬಂದ ಮೇಲೆ ತಟ್ಟೆಯಲ್ಲಿ ಉಳಿದ ಕಾಳುಗಳನ್ನು ತನ್ನ ಮಣ್ಣಿನ ಒಲೆಯ ಮೇಲೆ ತಾನೇ ಇಟ್ಟು, "ಬರ್ತೀನ್ರೀ" ಎಂದು ತಾನೇ ಹೇಳಿಕೊಂಡು ಮಲಗುತ್ತಿದ್ದಳು. ಅದನ್ನು ಹೇಳಿ ತಾನೇ ನಗುತ್ತಿದ್ದಳು ಕೂಡ.

ಎರಡು ವರ್ಷದ ಹಿಂದೆ ಬೇಸಿಗೆಯ ಮೊದಲಲ್ಲಿ ನಡೆದ ಒಂದು ಮದುವೆಯಿಂದ ಈ ಕಥೆ ಶುರುವಾಗುತ್ತದೆ. ದೊಡ್ಡ ಮದುವೆ, ದೊಡ್ಡ ಅಡುಗೆ. ಉಂಡವರೆಷ್ಟೋ, ಉಳಿದದ್ದು ಅದಕ್ಕಿಂತ ಹೆಚ್ಚು. ಸಂಜೆ ಎರಡು ಹಂಡೆ ಅನ್ನವನ್ನು ಊರ ಹಿಂದಿನ ನಾಲೆಯಲ್ಲಿ ಸುರಿದು ಹೋದರು. ಮರುದಿನ ಮೇಯಲು ಬಿಟ್ಟ ಶಿವಗಂಗಾಬಾಯಿಯ ಎಮ್ಮೆ ಚಂದ್ರಿ, ಹುಲ್ಲು ಕಾಣದ ಬೇಸಿಗೆಯಲ್ಲಿ ಆ ಬಿಳಿಯ ರಾಶಿಯನ್ನು ಕಂಡು ಹೊಟ್ಟೆತುಂಬ ತಿಂದಿತು. ಮಧ್ಯಾಹ್ನಕ್ಕೆ ಹೊಟ್ಟೆ ನಗಾರಿಯಂತೆ ಉಬ್ಬಿತು. ದನದ ಡಾಕ್ಟರು ಬರುವಷ್ಟರಲ್ಲಿ ಚಂದ್ರಿ ಕಣ್ಣು ತೇಲಿಸಿತ್ತು.

ಶಿವಗಂಗಾಬಾಯಿ ಅತ್ತಳು. ಎಮ್ಮೆಗಾಗಿ ಅಳುವುದಕ್ಕೆ ಅವಳಿಗೆ ನಾಚಿಕೆಯೇನೂ ಇರಲಿಲ್ಲ. ಅತ್ತು ಮುಗಿದ ಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ಅಡುಗೆ ಮಾಡಿದ ಮನೋಜನನ್ನು ಹುಡುಕಿಕೊಂಡು ಬಸ್ಸು ಹತ್ತಿ ಉಮರ್ಗಾಕ್ಕೆ ಹೋದಳು. ಮನೋಜ ಈ ಕಡೆಯ ಹತ್ತು ಹಳ್ಳಿಯ ಮದುವೆಗೆ ಅಡುಗೆ ಮಾಡುವ ಆಚಾರಿ, ಮೂವತ್ತೈದರ ಗಟ್ಟಿ ಆಳು, ಸ್ವಂತದ್ದೊಂದು ಟೆಂಪೊ ಇಟ್ಟವನು. ಅವಳು ಬೈದಷ್ಟನ್ನೂ ಅವನು ತಲೆ ತಗ್ಗಿಸಿ ಕೇಳಿದ. ಅವಳನ್ನು ಚಿಕ್ಕಮ್ಮನೆಂಬಂತೆ ಮಾವಶಿ ಎಂದು ಕರೆಯುವವನು, ಕೊನೆಗೆ ಒಂದೇ ಮಾತು ಅಂದ.

"ಮಾವಶಿ, ಮುನ್ನೂರು ಮನಿಗಿ ಒಲಿಬಂದ್ ಹೇಳೀನಿ ಅಂದಾಕಿ ನೀನೇ. ನಾ ಹದಿನೈದು ನೂರು ಮಂದಿಗಿ ಬೇಯಿಸ್ದೆ. ಬಂದಾವರು ಒಂಬತ್ತು ನೂರು. ಉಳದದ್ದು ಯಾರ ಅನ್ನ, ನಂದಾ ನಿಂದಾ?"

ಹಿಂದಿರುಗುವ ಬಸ್ಸಿನಲ್ಲಿ ಅವಳು ಊರಿನ ಮನೆಗಳನ್ನು ಒಂದೊಂದಾಗಿ ಎಣಿಸಿದಳು. ಮನೋಜ ಹೇಳಿದ್ದು ನಿಜವಾಗಿತ್ತು. ಯಾವ ಮನೆಯ ಇಬ್ಬರು ಗಂಡುಮಕ್ಕಳು ಪುಣೆಯಲ್ಲಿದ್ದಾರೆ, ಯಾವ ಮನೆಯವರು ಸೋಮವಾರ ಒಪ್ಪತ್ತು ಮಾಡುತ್ತಾರೆ, ಯಾರಿಗೆ ಯಾರ ಜೊತೆ ಮಾತಿಲ್ಲ, ಯಾರು ಬಂದು ಒಂದೇ ಪುರಿ ಮುರಿದು ಏಳುತ್ತಾರೆ, ಇದೆಲ್ಲ ಅವಳಿಗೆ ಗೊತ್ತಿತ್ತು. ಅಡುಗೆಮನೆಯವರೆಗೆ ಹೋಗುವವಳಿಗೆ ಗೊತ್ತಿಲ್ಲದ್ದು ಏನಿರುತ್ತದೆ? ಆದರೆ ಯಾರೂ ಕೇಳಿರಲಿಲ್ಲ, ಅವಳೂ ಹೇಳಿರಲಿಲ್ಲ. ಕಡಿಮೆ ಬಿದ್ದರೆ ಆಚಾರಿಯ ಹೆಸರು ಕೆಡುತ್ತದೆ, ಉಳಿದರೆ ಯಜಮಾನನ ಹೆಸರು ಏರುತ್ತದೆ. ನಡುವೆ ಸತ್ತದ್ದು ಚಂದ್ರಿ.

ಅಂದಿನಿಂದ ಅವಳು ಒಲಿಬಂದ್ ಹೇಳಿ ಬಂದ ಸಂಜೆಯೇ ಮನೋಜನಿಗೆ ಫೋನು ಮಾಡಿ ಬಾಯಿಗಳ ಸಂಖ್ಯೆ ಹೇಳತೊಡಗಿದಳು. ಬರೆದುಕೊಳ್ಳುವುದಿಲ್ಲ, ಎಲ್ಲ ಬಾಯಿಪಾಠ. ಅವನು ಮೊದಲು ಅರ್ಧ ನಂಬಿದ, ಆಮೇಲೆ ಮುಕ್ಕಾಲು. ಉಳಿಯುವುದು ಕಡಿಮೆಯಾಯಿತು. ಆದರೂ ಪ್ರತಿ ಮದುವೆಯಲ್ಲೂ ಒಂದೆರಡು ಹಂಡೆ ಉಳಿದೇ ಉಳಿಯುತ್ತಿತ್ತು. ಅದನ್ನು ನಾಲೆಗೆ ಸುರಿಯಲು ಅವಳು ಬಿಡಲಿಲ್ಲ.

ಊರಿನಿಂದ ಒಂದು ಮೈಲಿ ದೂರದಲ್ಲಿ ಇಟ್ಟಿಗೆ ಸುಡುವ ಇಟ್ಟಂಗಿ ಭಟ್ಟಿ ಇದೆ. ದೀಪಾವಳಿ ಮುಗಿದ ಮೇಲೆ ದೇವಣಿ ತಾಲೂಕಿನ ವಲಾಂಡಿ ಕಡೆಯಿಂದ ಇಪ್ಪತ್ತಾರು ಕುಟುಂಬಗಳು ಬಂದು ತಗಡಿನ ಗುಡಿಸಲು ಹಾಕಿಕೊಂಡು, ಮಳೆಗಾಲದ ಮೊದಲು ಹಿಂದಿರುಗುತ್ತವೆ. ಯೆಣೆಗೂರದ ಹೊಸ ಮನೆಗಳೆಲ್ಲ ಅವರ ಕೈಯ ಇಟ್ಟಂಗಿಯವು. ಆದರೂ ಆರೆಂಟು ತಿಂಗಳು ಪಕ್ಕದಲ್ಲೇ ಇರುವ ಈ ನೂರಿಪ್ಪತ್ತು ಜನ ಯಾವ ಮನೆಯ ಲೆಕ್ಕದಲ್ಲೂ ಇರಲಿಲ್ಲ. ಒಂದು ಮದುವೆ ಮುಗಿದ ಸಂಜೆ ಅವಳು ಮನೋಜನ ಟೆಂಪೊದಲ್ಲಿ ಹಂಡೆ ಹೇರಿಸಿಕೊಂಡು ಅಲ್ಲಿಗೆ ಹೋದಳು. ಯಾರೂ ಮುಟ್ಟದ, ಎಂಜಲಾಗದ, ಚೊಕ್ಕ ಅನ್ನ. ಮಕ್ಕಳು ಓಡಿ ಬಂದರು. ಅವರ ಹಿಂದೆ ಗುರುಬಾಯಿ ಬಂದಳು. ಭಟ್ಟಿಯ ಹೆಂಗಸರಲ್ಲಿ ಹಿರಿಯಳು, ಕೈಗೆ ಮೆತ್ತಿದ್ದ ಕೆಮ್ಮಣ್ಣನ್ನು ಸೀರೆಗೆ ಒರೆಸಿಕೊಳ್ಳುತ್ತ ಹಂಡೆಯೊಳಗೆ ಇಣುಕಿದಳು.

"ಉಳದದ್ದು ತಂದೀರೇನ್ರೀ ಬಾಯಿ?" ಅಂದಳು. "ನಾವು ದುಡದು ಉಣ್ಣೂ ಮಂದಿ. ತಗೊಂಡು ಹೋಗ್ರಿ."

ಶಿವಗಂಗಾಬಾಯಿಗೆ ಕೆಂಡದಂಥ ಸಿಟ್ಟು ಬಂತು. ದಾರಿಯುದ್ದಕ್ಕೂ ಮನೋಜನ ಮುಂದೆ ಆ ಹೆಂಗಸಿನ ಸೊಕ್ಕನ್ನು ಬಣ್ಣಿಸಿದಳು. ಮನೆಗೆ ಬಂದು ಕೈಕಾಲು ತೊಳೆದು, ಅಕ್ಷತೆಯ ತಟ್ಟೆಯನ್ನು ಗೂಡಿನಲ್ಲಿ ಇಡುವಾಗ ಸಿಟ್ಟು ತಟ್ಟನೆ ಇಳಿಯಿತು. ಕರೆಯದೆ ಹೋಗಿ ಉಣ್ಣುವವರು ಈ ಸೀಮೆಯಲ್ಲಿ ಯಾರಿದ್ದಾರೆ? ತಾನು ಮೂವತ್ತೊಂದು ವರ್ಷ ಮಾಡಿದ ಕೆಲಸವೇ ಅದಲ್ಲವೇ? ಬೇರೆ ಯಾರಾದರೂ ಈ ತಪ್ಪು ಮಾಡಿದ್ದರೆ ಅವಳೇ ಬೈದು ತಿದ್ದುತ್ತಿದ್ದಳು.

ಮುಂದಿನ ಮದುವೆಯ ಹಿಂದಿನ ದಿನ ಊರೆಲ್ಲ ಮುಗಿಸಿ, ತಟ್ಟೆಗೆ ಮತ್ತೊಂದು ಹಿಡಿ ಅಕ್ಷತೆ ಹಾಕಿಕೊಂಡು ಅವಳು ಭಟ್ಟಿಗೆ ನಡೆದಳು. ಮೂರು ಇಟ್ಟಂಗಿಯ ಇಪ್ಪತ್ತಾರು ಒಲೆಗಳು. ಒಂದೊಂದರ ಮೇಲೂ ನಾಲ್ಕು ಕಾಳು ಇಟ್ಟು, ಮದುವೆಯ ಯಜಮಾನನ ಹೆಸರು ಹೇಳಿ, ಒಲಿಬಂದ್ ಅಂದಳು. ಭಟ್ಟಿಯ ಕೆಲಸ ಬಿಟ್ಟು ನೀವು ಬರಲಾಗುವುದಿಲ್ಲ, ಅದಕ್ಕೇ ಮೂರೂವರೆ ನಾಲ್ಕಕ್ಕೆ ನಿಮ್ಮ ಪಾಲು ಇಲ್ಲಿಗೇ ಬರುತ್ತದೆ ಎಂದಳು. ಗುರುಬಾಯಿ ಓಡಿಹೋಗಿ ಕೈ ತೊಳೆದುಕೊಂಡು ಬಂದು, ತಲೆಯ ಮೇಲೆ ಸೆರಗು ಹೊದ್ದು, "ಬರ್ತೀವ್ರೀ" ಅಂದಳು. ಬರುವುದು ಊಟವೇ ಆದರೂ ಹೇಳುವ ಮಾತು ಅದೇ ಆಗಿತ್ತು.

ಆ ದಿನ ಟೆಂಪೊ ಖಾಲಿಯಾಗಿ ಮರಳಿತು. ಮುಂದಿನ ಮದುವೆಯಲ್ಲೂ ಹಾಗೆಯೇ ಆಯಿತು. ಶಿವಗಂಗಾಬಾಯಿ ಊರಲ್ಲಿ ಸ್ವಲ್ಪ ಎದೆ ಮುಂದೆ ಮಾಡಿಯೇ ನಡೆದಳು. ಆದರೆ ಎರಡು ಸಂಗತಿಯನ್ನು ಅವಳು ಯಾರಿಗೂ ಹೇಳಿರಲಿಲ್ಲ. ಭಟ್ಟಿಗೆ ಕರೆ ಹೋಗಿದೆ ಎಂದು ಮದುವೆಯವರಿಗೆ ಗೊತ್ತಿರಲಿಲ್ಲ. ಪಾಲು ಎಂದದ್ದು ಉಳಿದದ್ದನ್ನೇ ಎಂದು ಭಟ್ಟಿಯವರಿಗೆ ಹೇಳಿರಲಿಲ್ಲ. ಇನ್ನೊಬ್ಬರ ಹಂಡೆಯನ್ನು ನಂಬಿ ತನ್ನ ನಾಲಗೆಯನ್ನು ಒತ್ತೆ ಇಟ್ಟಿದ್ದಳು. ಅದಕ್ಕಿಂತ ಹೆಚ್ಚಿನ ತಮಾಷೆಯೆಂದರೆ, ಒಂದು ಕಡೆ ಏನೂ ಉಳಿಯದಂತೆ ಮನೋಜನಿಗೆ ಪಕ್ಕಾ ಸಂಖ್ಯೆ ಕೊಡುತ್ತ, ಇನ್ನೊಂದು ಕಡೆ ಉಳಿಯುವುದನ್ನೇ ನಂಬಿ ನೂರಿಪ್ಪತ್ತು ಜನರನ್ನು ಕರೆಯುತ್ತಿದ್ದಳು. ಇಷ್ಟು ಬುದ್ಧಿವಂತೆಗೆ ಇದು ಹೊಳೆಯಲಿಲ್ಲವೇ ಎಂದರೆ, ಹೊಳೆಯಲಿಲ್ಲ.

ಹೊಳೆದದ್ದು ವೈಷ್ಣವಿಯ ಮದುವೆಯ ದಿನ.

ವೈಷ್ಣವಿ ಎಂದರೆ ಅಡತಿ ವಿಶ್ವನಾಥಪ್ಪನ ಮಗಳು. ಉಮರ್ಗಾದ ಮೋಂಢಾದಲ್ಲಿ, ಅಂದರೆ ಧಾನ್ಯದ ಪೇಟೆಯಲ್ಲಿ, ದಲಾಲಿ ಅಂಗಡಿ, ಯೆಣೆಗೂರದಲ್ಲಿ ಹಿರಿಯರು ಕಟ್ಟಿಸಿದ ದೊಡ್ಡ ಮನೆ, ವಾಡೆ. ಗಂಡಿನ ಕಡೆಯವರು ಉದಗೀರದವರು. ಬುಂದಿ, ಪುರಿ, ಬದನೆಕಾಯಿ ಪಲ್ಯ, ಮಸಾಲೆ ಅನ್ನ, ಮಜ್ಜಿಗೆ. ಶಿವಗಂಗಾಬಾಯಿ ಕೊಟ್ಟ ಸಂಖ್ಯೆಯನ್ನು ಮನೋಜ ಆ ಸಲ ಪೂರ್ತಿ ನಂಬಿದ. ಬೀಗರು ಎರಡು ಬಸ್ಸೆಂದವರು ಮೂರು ಬಸ್ಸಿನಲ್ಲಿ ಬಂದರು. ಮಧ್ಯಾಹ್ನ ಮೂರಕ್ಕೆ ಕೊನೆಯ ಪಂಕ್ತಿ ಎದ್ದಾಗ ಅವಳು ಅಡುಗೆಯ ಚಪ್ಪರಕ್ಕೆ ಹೋದರೆ ಮನೋಜ ಹಂಡೆಯನ್ನು ಅವಳತ್ತ ವಾಲಿಸಿ ತೋರಿಸಿದ. ತಳಕ್ಕೆ ಅಂಟಿದ ನಾಲ್ಕು ಅಗುಳು. ಒಂದು ಪುರಿಯೂ ಚೆಲ್ಲದ ಮದುವೆ ತನ್ನ ಹದಿನೈದು ವರ್ಷದಲ್ಲಿ ಇದೇ ಮೊದಲು ಎಂದು ಅವನು ಹಲ್ಲು ಕಿರಿಯುತ್ತಿದ್ದ. ಆಮೇಲೆ ಅವಳ ಮುಖ ನೋಡಿ ಅವನ ನಗು ನಿಂತಿತು.

ಭಟ್ಟಿಯಲ್ಲಿ ಇಪ್ಪತ್ತಾರು ಒಲೆಗಳು ಮುಂಜಾನೆಯಿಂದ ತಣ್ಣಗಿದ್ದವು. ಆ ಜನ ನಸುಕಿನಲ್ಲಿ ಕೆಲಸಕ್ಕಿಳಿದು ಹತ್ತು ಗಂಟೆಗೆ ರೊಟ್ಟಿ ಉಣ್ಣುವವರು. ಒಲಿಬಂದ್ ಅಂದ ದಿನ ಅದೂ ಇಲ್ಲ, ಹೆದ್ದಾರಿಯ ಅಂಗಡಿಯ ಚಹಾ ಕುಡಿದು ಮಕ್ಕಳನ್ನು ಸುಧಾರಿಸುತ್ತ ಕೂತಿರುತ್ತಾರೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅವಳು ಹೆದ್ದಾರಿಯ ಢಾಬಾದ ಕಡೆ ಒಮ್ಮೆ ನೋಡಿದಳು, ನೂರಿಪ್ಪತ್ತು ಜನಕ್ಕೆ ಅಲ್ಲಿ ಆಗುವ ಮಾತಲ್ಲ.

ಪಕ್ಕದ ಮನೆಯ ಮಲಕಮ್ಮನ ಹತ್ತಿರ ಓಡಿದಳು. ಅವರಿಬ್ಬರೂ ಒಂದೇ ವರ್ಷ ಈ ಊರಿಗೆ ಸೊಸೆಯಾಗಿ ಬಂದವರು. ಎರಡೆರಡು ರೊಟ್ಟಿಯಂತೆ ಮನೆಮನೆಯಲ್ಲೂ ಎತ್ತಿದರೆ ಸಾಕಾಗುತ್ತದೆ ಎಂದು ಉಸಿರು ಕಟ್ಟಿ ಹೇಳಿದಳು. ಮಲಕಮ್ಮ ಪೂರ್ತಿ ಕೇಳಿ, ಅಡುಗೆಮನೆಯತ್ತ ಕೈ ಮಾಡಿದಳು.

"ಯಾರ ಮನ್ಯಾಗ ರೊಟ್ಟಿ ಅವ, ಗಂಗಾ? ಊರಿನ ಒಲಿ ಎಲ್ಲಾ ನೀನೇ ಬಂದ್ ಮಾಡಿ ಹೋಗೀದಿ. ಈಗ ನಾ ಒಲಿ ಹಚ್ಚಿದ್ರ ವಿಶ್ವನಾಥಪ್ಪನ ಮದುವ್ಯಾಗ ಊಟ ಕಡಿಮಿ ಬಿತ್ತು ಅಂದಂಗಾಗ್ತದ. ಆ ಅಪವಾದ ನಾ ಹೊರಲಾ?"

ಅದೂ ನಿಜವೇ. ಮುನ್ನೂರು ಮನೆಯ ಊರಿನಲ್ಲಿ ಆ ಹೊತ್ತು ಒಂದು ತುಂಡು ರೊಟ್ಟಿ ಇರಲಿಲ್ಲ, ಹಚ್ಚಬಹುದಾದ ಒಂದು ಒಲೆ ಇರಲಿಲ್ಲ. ಅದನ್ನು ಮಾಡಿದವಳು ಅವಳೇ. ಬಿಡಿಸುವ ಅಧಿಕಾರ ಅವಳಿಗಿರಲಿಲ್ಲ, ಮದುವೆಯ ಮನೆಯವರಿಗಿತ್ತು. ಆ ಮನೆಯವರಿಗೋ ಅವಳು ಹೇಳದೆ ಕೇಳದೆ ಅವರ ಹೆಸರು ಖರ್ಚು ಮಾಡಿದ್ದಳು.

ತಪ್ಪಿಸಿಕೊಳ್ಳುವ ದಾರಿ ಇರಲಿಲ್ಲವೆಂದಲ್ಲ. ಮನೆಗೆ ಹೋಗಿ ಬಾಗಿಲು ಹಾಕಿಕೊಂಡರೆ ಮುಗಿಯುತ್ತಿತ್ತು. ಭಟ್ಟಿಯವರು ಊರಿಗೆ ಬಂದು ಜಗಳ ಮಾಡುವವರಲ್ಲ, ಅವರ ಹಸಿವು ಊರಿಗೆ ಕೇಳಿಸುವುದೂ ಇಲ್ಲ. ಹಾಗೆಂದು ಒಂದು ಗಳಿಗೆ ಅನ್ನಿಸಿತು ಎಂದು ಅವಳೇ ಆಮೇಲೆ ಹೇಳಿದ್ದಾಳೆ. ಆದರೆ ಗುರುಬಾಯಿ ಕೈ ತೊಳೆದುಕೊಂಡು ಬಂದದ್ದು ನೆನಪಾಯಿತಂತೆ. ಅವಳು ಚಪ್ಪರಕ್ಕೆ ಮರಳಿದಳು.

ಅಲ್ಲಿ ಮಗಳನ್ನು ಕಳಿಸಿಕೊಡುವ ಗಡಿಬಿಡಿ. ವಿಶ್ವನಾಥಪ್ಪನ ತಾಯಿ ಸರಸ್ವತಿಬಾಯಿ ಎಪ್ಪತ್ತಾರರ ಹಿರಿಯಳು, ಹೊಸ ಇಳಕಲ್ ಸೀರೆ ಉಟ್ಟು, ಮಂಡಿನೋವಿನಿಂದ ಕುರ್ಚಿಯಲ್ಲಿ ಕೂತು ಕಣ್ಣೊರೆಸಿಕೊಳ್ಳುತ್ತಿದ್ದಳು. ಶಿವಗಂಗಾಬಾಯಿ ಅವಳ ಕಾಲ ಹತ್ತಿರ ನೆಲಕ್ಕೆ ಕೂತಳು.

"ಅವ್ವಾರ, ನಾ ಒಂದು ತಪ್ಪು ಮಾಡೀನಿ. ಭಟ್ಟಿ ಮಂದಿಗಿ ನಿಮ್ಮ ಹೆಸರಿಲೆ ಒಲಿಬಂದ್ ಹೇಳೀನಿ. ನಿಮಗ ಕೇಳಿಲ್ಲ. ಉಳದದ್ದು ಒಯ್ದು ಕೊಟ್ರಾಯ್ತು ಅಂತ ತಿಳದಿದ್ದೆ. ಏನೂ ಉಳದಿಲ್ರೀ."

ಸರಸ್ವತಿಬಾಯಿ ಕಣ್ಣೊರೆಸುವುದನ್ನು ನಿಲ್ಲಿಸಿದಳು. ಎಷ್ಟು ಒಲೆ ಎಂದು ಕೇಳಿದಳು. ಇಪ್ಪತ್ತಾರು. ಎಷ್ಟು ಹೊತ್ತಿನಿಂದ ಎಂದು ಕೇಳಿದಳು. ಮುಂಜಾನೆಯಿಂದ. ಮುದುಕಿಯ ಮುಖ ಕಪ್ಪಿಟ್ಟಿತು. ಸುತ್ತ ನಿಂತವರು ಇನ್ನೇನು ಸಿಡಿಲು ಬೀಳುತ್ತದೆ ಎಂದು ಒಂದು ಹೆಜ್ಜೆ ಹಿಂದೆ ಸರಿದರು.

"ನನ್ನ ಮೊಮ್ಮಗಳ ಮದುವಿ ದಿನ, ನನ್ನ ಹೆಸರಿಲೆ, ಇಪ್ಪತ್ತಾರು ಒಲಿ ಆರ್ಯಾವ," ಅಂದಳು. "ನಿನಗ ಆಮ್ಯಾಲೆ ಬೈತೀನಿ. ಮೊದಲ ನನ್ನ ಎಬ್ಬಸು."

ವಿಶ್ವನಾಥಪ್ಪ ಅಡ್ಡ ಬಂದ. ಬೀಗರು ಇನ್ನೂ ಇಲ್ಲೇ ಇದ್ದಾರೆ, ಮದುವೆಮನೆಯಲ್ಲೇ ಒಲೆ ಹಚ್ಚಿದರೆ ಏನಂದುಕೊಂಡಾರು ಎಂದು ತಾಯಿಯ ಕಿವಿಯಲ್ಲಿ ಗೊಣಗಿದ. ಬೀಗರಿಗೆ ಊಟವಾಗಿದೆ ತಾನೆ ಎಂದು ಅವಳು ಕೇಳಿದಳು. ಆಗಿದೆ ಎಂದ. ಹಾಗಾದರೆ ಏನನ್ನಲು ಅವರಿಗೆ ಬಾಯಿಲ್ಲ ಎಂದು ಮುದುಕಿ ಶಿವಗಂಗಾಬಾಯಿಯ ಹೆಗಲು ಹಿಡಿದು ನಡೆದಳು.

ವಾಡೆಯ ಅಡುಗೆಮನೆಯಲ್ಲಿ ಮೂರು ಬರ್ನರಿನ ಗ್ಯಾಸಿತ್ತು. ಸರಸ್ವತಿಬಾಯಿ ಅದನ್ನು ದಾಟಿ ಹಿತ್ತಲಿಗೆ ಹೋದಳು. ಅಲ್ಲಿ ದೀಪಾವಳಿಗೆ ನೀರು ಕಾಯಿಸುವ ಹಳೆಯ ಒಲೆ ಇತ್ತು. ಗ್ಯಾಸು ಬಿಟ್ಟು ಇದೇಕೆಂದು ಸೊಸೆ ಕೇಳಿದ್ದಕ್ಕೆ, ಗ್ಯಾಸಿಗೆ ಹೊಗೆ ಬರುತ್ತದೇನು ಎಂದಳು. ಹಸಿ ತೊಗರಿಕಟ್ಟಿಗೆ ಇಕ್ಕಿ ಊದಿದಳು. ಇಳಕಲ್ ಸೀರೆಯ ಮೇಲೆ ಬೂದಿ ಹಾರಿತು. ಸ್ವಲ್ಪ ಹೊತ್ತಿಗೆ ವಿಶ್ವನಾಥಪ್ಪನ ವಾಡೆಯ ಮೇಲೆ ದಪ್ಪನೆಯ ಹೊಗೆ ಎದ್ದು ಊರ ಮೇಲೆ ನಿಂತಿತು. ಮದುವೆಮನೆಯವರೇ ಒಲೆ ಹಚ್ಚಿದ ಮೇಲೆ ಇನ್ನು ಯಾರಿಗೆ ಅಡ್ಡಿ?

ಶಿವಗಂಗಾಬಾಯಿ ಮತ್ತೆ ಬೀದಿಗಿಳಿದಳು. ಕೈಯಲ್ಲಿ ತಟ್ಟೆ ಇಲ್ಲ. ಮೊದಲ ಮನೆಯ ಅಡುಗೆಮನೆಯಲ್ಲಿ ನಿಂತಾಗ ಒಲಿಬಂದ್ ಎಂದೇ ಬಾಯಿಗೆ ಬಂತು. ಮೂವತ್ತೊಂದು ವರ್ಷ ಒಂದೇ ಮಾತು ಹೇಳಿದ ಬಾಯಿ ಅದು. "ಒಲಿ ಹಚ್ಚರಿ," ಅಂದಳು ಕೊನೆಗೆ. "ನಾ ಕರದ ಮಂದಿ ಉಪಾಸ ಕುಂತಾರ." ಏನು, ಯಾಕೆ ಎಂದು ಕೇಳಿದವರಿಗೆ ಹೊಗೆಯತ್ತ ಕೈ ತೋರಿಸಿದಳು. ಎರಡನೆಯ ಬೀದಿಗೆ ಬರುವಷ್ಟರಲ್ಲಿ ಅವಳ ಮಾತು ಅವಳಿಗಿಂತ ಮುಂದೆ ಹೋಗಿತ್ತು. ಮದುವೆಯ ಸೀರೆ, ತಲೆಯಲ್ಲಿ ಮಲ್ಲಿಗೆ, ಕೈಯಲ್ಲಿ ಜೋಳದ ಹಿಟ್ಟು. ಮಧ್ಯಾಹ್ನದ ನಾಲ್ಕು ಗಂಟೆಗೆ ಊರೆಲ್ಲ ರೊಟ್ಟಿ ಬಡಿಯುವ ಸದ್ದು ಯೆಣೆಗೂರ ಅಲ್ಲಿಯವರೆಗೆ ಕೇಳಿರಲಿಲ್ಲ. ಮಲಕಮ್ಮ ಹನ್ನೆರಡು ರೊಟ್ಟಿ ಮಾಡಿದಳು, ಬೈಯುತ್ತಲೇ ಮಾಡಿದಳು. ಮನೋಜ ತೊಳೆದಿಟ್ಟಿದ್ದ ಕಡಾಯಿ ಇಳಿಸಿ, ಕಡಲೆಹಿಟ್ಟಿನ ಪಿಟ್ಲ ಬೇಯಿಸಿದ. ಶೇಂಗಾ ಚಟ್ನಿ, ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ ಮನೆಮನೆಯಿಂದ ಬಂದವು.

ಐದು ಗಂಟೆಗೆ ಟೆಂಪೊ ಭಟ್ಟಿ ಮುಟ್ಟಿತು. ಜನ ಒಲೆಗಳ ಪಕ್ಕ ಸುಮ್ಮನೆ ಕೂತಿದ್ದರು. ಇಟ್ಟಂಗಿಯ ಮೇಲೆ ನಿನ್ನೆಯ ಅಕ್ಷತೆ ಹಾಗೇ ಇತ್ತು, ಯಾರೂ ಕದಲಿಸಿರಲಿಲ್ಲ. ಅದನ್ನು ಕಂಡು ಶಿವಗಂಗಾಬಾಯಿ ಎಲ್ಲವನ್ನೂ ಹೇಳಿದಳು. ಇವತ್ತಿನದು ಮದುವೆಯ ಊಟವಲ್ಲ. ಹಿಂದಿನ ಎರಡು ಸಲ ತಂದದ್ದು ಪಾಲಲ್ಲ, ಉಳಿದದ್ದು. ಕರೆದದ್ದು ಯಜಮಾನರು ಹೇಳಿದ್ದಕ್ಕಲ್ಲ, ತಾನಾಗಿಯೇ.

ಗುರುಬಾಯಿ ರೊಟ್ಟಿಯ ಬುಟ್ಟಿಯ ಮೇಲಿನ ಬಟ್ಟೆ ಸರಿಸಿ, ಮೇಲಿನ ರೊಟ್ಟಿಯ ಮೇಲೆ ಅಂಗೈ ಇಟ್ಟಳು.

"ಉಳದದ್ದು ಅಂತ ಗೊತ್ತಿತ್ರೀ ಬಾಯಿ," ಅಂದಳು. "ತಣ್ಣನ ಪುರಿ ಮುಟ್ಟಿದ್ರ ಗೊತ್ತಾಗಲ್ಲೇನು? ನೀವು ಒಲಿ ತನಕ ಬಂದು ಹೇಳಿದ್ರಿ, ಅದಕ್ಕ ಉಂಡೇವು. ಇವತ್ತಿಂದು ಬಿಸಿ ಅದ."

ಅಷ್ಟೇ ಹೇಳಿ ಮಕ್ಕಳನ್ನು ಸಾಲಾಗಿ ಕೂರಿಸಿದಳು. ಶಿವಗಂಗಾಬಾಯಿಯೂ ಮನೋಜನೂ ಅಲ್ಲೇ ಕೂತು ಉಂಡರು. ಮುನ್ನೂರು ಮನೆಯ ರೊಟ್ಟಿ ಮುನ್ನೂರು ನಮೂನೆ ಇತ್ತು, ಒಂದು ದಪ್ಪ, ಒಂದು ತೆಳ್ಳಗೆ, ಒಂದೆರಡು ಸೀದದ್ದು. ಏನೂ ಉಳಿಯಲಿಲ್ಲ.

ಸರಸ್ವತಿಬಾಯಿ ಆಮೇಲೆ ಬೈಯುತ್ತೇನೆ ಅಂದದ್ದನ್ನು ಮರೆಯಲಿಲ್ಲ. ಮೊಮ್ಮಗಳು ಉದಗೀರದಿಂದ ಮೊದಲ ಸಲ ತವರಿಗೆ ಬಂದುಹೋದ ಮೇಲೆ ಶಿವಗಂಗಾಬಾಯಿಯನ್ನು ಕರೆಸಿ, ಎದುರಿಗೆ ಕೂರಿಸಿಕೊಂಡು, ಚಹಾ ಕೊಟ್ಟು, ಒಂದು ತಾಸು ಬೈದಳು. ಕೇಳದೆ ಹೆಸರು ಹೇಳಿದ್ದಕ್ಕೆ ಅರ್ಧ ತಾಸು, ಮೊದಲೇ ಕೇಳಲಿಲ್ಲವಲ್ಲ ಎಂದು ಇನ್ನರ್ಧ ತಾಸು. ಕೇಳಿದ್ದರೆ ನಾನು ಇಲ್ಲ ಅನ್ನುತ್ತಿದ್ದೆನೇ ಎಂದಳು. ಅನ್ನುತ್ತಿದ್ದಳೋ ಏನೋ, ಅದು ಯಾರಿಗೂ ಗೊತ್ತಿಲ್ಲ.

ಅಂದಿನಿಂದ ಶಿವಗಂಗಾಬಾಯಿ ತನ್ನ ಪದ್ಧತಿಯನ್ನು ಬದಲಿಸಿದಳು. ಈಗ ಮದುವೆಗೆ ಎಂಟು ದಿನ ಇರುವಾಗಲೇ ಯಜಮಾನನ ಮನೆಗೆ ಹೋಗಿ, ಮನೋಜನನ್ನೂ ಕೂರಿಸಿಕೊಂಡು, ಊರಿನ ಒಲೆಗಳನ್ನು ಎಣಿಸುತ್ತಾಳೆ. ಎಣಿಕೆ ಶುರುವಾಗುವುದೇ ಭಟ್ಟಿಯ ಇಪ್ಪತ್ತಾರರಿಂದ. ಆಮೇಲೆ ಊರು. ಬೆಂದ ಮೊದಲ ಹಂಡೆ ಹನ್ನೊಂದಕ್ಕೆ ಭಟ್ಟಿಗೆ ಹೋಗುತ್ತದೆ, ಅದು ಹೊರಟ ಮೇಲೆ ಚಪ್ಪರದಲ್ಲಿ ಎಲೆ ಹಾಕುತ್ತಾರೆ. ಬದನೆಕಾಯಿ ಎಷ್ಟು ಬೇಕೆಂದು ಮೊದಲೇ ಗೊತ್ತಾಗುವುದರಿಂದ ಮನೋಜ ಈಗ ಸೋಲಾಪುರದ ಮಾರ್ಕೆಟ್ಟಿಗೆ ಹೋಗುವುದಿಲ್ಲ, ಪಕ್ಕದ ದಾಳಿಂಬ ಊರಿನ ಹೊಲದವರಿಗೇ ಹೇಳಿ ತರಿಸುತ್ತಾನೆ. ಅವರಿಗೂ ಬುಟ್ಟಿ ಹೊತ್ತು ಸಂತೆಯಲ್ಲಿ ಕೂರುವುದು ತಪ್ಪಿದೆ.

ಎಲ್ಲರೂ ಒಪ್ಪಿದರು ಎಂದರೆ ಸುಳ್ಳಾಗುತ್ತದೆ. ಒಬ್ಬ ಯಜಮಾನ, ಭಟ್ಟಿಯವರು ನಮಗೇನಾಗಬೇಕು ಎಂದು ಕೇಳಿದ. ಶಿವಗಂಗಾಬಾಯಿ ತಟ್ಟೆಯನ್ನು ಅವನ ಮುಂದಿಟ್ಟು, ಹಾಗಾದರೆ ಕಾರ್ಡು ಹಂಚಿಕೊಳ್ಳಿ ಎಂದು ಎದ್ದು ಬಂದಳು. ಮೂರನೆಯ ದಿನ ಅವನೇ ತಟ್ಟೆ ಹಿಡಿದುಕೊಂಡು ಅವಳ ಮನೆಗೆ ಬಂದ. ಹಾಗೇ ಕೇಳಿದ ಇನ್ನೊಬ್ಬ ಬರಲಿಲ್ಲ, ಅವನ ಮನೆಯ ಮದುವೆಗೆ ಒಲಿಬಂದ್ ಆಗಲಿಲ್ಲ, ಎರಡು ಹಂಡೆ ಅನ್ನ ನಾಲೆಗೆ ಹೋಯಿತು. ಅದರ ಸುದ್ದಿ ಎತ್ತಿದರೆ ಅವಳು ಇವತ್ತಿಗೂ ಹಲ್ಲು ಕಡಿಯುತ್ತಾಳೆ.

ಮರುವರ್ಷ ಭಟ್ಟಿಯವರು ಬಂದರು, ಚಳಿ ಕಳೆಯಿತು, ಮದುವೆಗಳು ಮುಗಿದವು. ಮೃಗಶಿರ ಮಳೆಗೆ ನಾಲ್ಕು ದಿನ ಇದ್ದಾಗ, ಒಂದು ಸಂಜೆ ಶಿವಗಂಗಾಬಾಯಿ ಹಿತ್ತಲಲ್ಲಿ ಹೊಸ ಎಮ್ಮೆಗೆ ನೀರು ಕುಡಿಸುತ್ತಿದ್ದಳು. ಮನೆಯೊಳಗೆ ಯಾರೋ ನಡೆದ ಸದ್ದಾಯಿತು. ಬಾಗಿಲಲ್ಲಿ ನಿಂತು ಕೂಗಿ ಬರಬೇಕೆಂಬ ಬುದ್ಧಿ ಇಲ್ಲದವರು ಯಾರು ಎಂದು ಸಿಟ್ಟಿನಿಂದ ಒಳಗೆ ಬಂದಳು. ಅಡುಗೆಮನೆಯಲ್ಲಿ ಗುರುಬಾಯಿ ನಿಂತಿದ್ದಳು. ತೊಳೆದ ಸೀರೆ, ತಲೆಯ ಮೇಲೆ ಸೆರಗು, ಕೈಯಲ್ಲಿ ಸ್ಟೀಲಿನ ತಟ್ಟೆ. ತಟ್ಟೆಯಲ್ಲಿ ಅರಿಶಿನ ಕಲೆಸಿದ ಒಂದು ಹಿಡಿ ಅಕ್ಕಿ.

ಗುರುಬಾಯಿ ಬಾಗಿ, ಮಣ್ಣಿನ ಒಲೆಯ ಮೇಲೆ ನಾಲ್ಕು ಕಾಳು ಇಟ್ಟಳು.

"ನಾಳಿ ನಮ್ಮ ಮೊಮ್ಮಗಂದು ತೊಟ್ಟಲ ಕಾರ್ಯ ಅದ," ಅಂದಳು. "ನಿಮ್ಮ ಒಲಿ ಬಂದ್ ರೀ ಬಾಯಿ."

ಮುನ್ನೂರು ಮನೆಯವರಿಂದ ಸಾವಿರ ಸಲ ಕೇಳಿದ ಒಂದು ಮಾತನ್ನು ಈಗ ಶಿವಗಂಗಾಬಾಯಿ ಹೇಳಬೇಕಿತ್ತು. ಒಲೆಯ ಮೇಲಿನ ಹಳದಿ ಕಾಳುಗಳನ್ನು ನೋಡುತ್ತ ನಿಂತಳು. ಗುರುಬಾಯಿ ಕಾದಳು, ಉತ್ತರ ಕೇಳದೆ ಹೋಗುವಂತಿಲ್ಲ, ಅದೂ ಪದ್ಧತಿ. ಕೊನೆಗೆ ಶಿವಗಂಗಾಬಾಯಿ ಹಿತ್ತಲಿಗೆ ಹೋಗಿ, ಎಮ್ಮೆಯ ಬಾನಿಯಲ್ಲೇ ಕೈ ತೊಳೆದುಕೊಂಡು, ಸೆರಗು ಹೊದ್ದು ಬಂದು, "ಬರ್ತೀನ್ರೀ," ಅಂದಳು.

ಮರುದಿನ ಮುಂಜಾನೆ ಎದ್ದವಳೇ ಅಭ್ಯಾಸದಂತೆ ಚಹಾಕ್ಕೆಂದು ಕಡ್ಡಿಪೆಟ್ಟಿಗೆ ಹಿಡಿದಳು. ಕಾಳು ಕಣ್ಣಿಗೆ ಬಿದ್ದವು. ಕಡ್ಡಿಪೆಟ್ಟಿಗೆಯನ್ನು ಗೂಡಿನಲ್ಲಿಟ್ಟು, ಕಟ್ಟೆಯ ಮೇಲೆ ಬಂದು ಕೂತಳು. ಬಿಸಿಲೇರಿತು. ಗೋಡೆಯ ಆಚೆಯಿಂದ ಮಲಕಮ್ಮ ಇಣುಕಿ, ಇಷ್ಟು ಹೊತ್ತಾದರೂ ಹೊಗೆ ಇಲ್ಲವಲ್ಲ, ಮೈಯಲ್ಲಿ ಹುಷಾರಿಲ್ಲವೇ ಎಂದು ಕೇಳಿದಳು.

"ಹುಷಾರಿದ್ದೀನಿ," ಅಂದಳು ಶಿವಗಂಗಾಬಾಯಿ. "ನನಗ ಇವತ್ತ ಒಲಿಬಂದ್ ಅದ."